ದಹಿಸರ್ ಗಡಿಯ ಎರಡು ಬದಿ: ಸೀಸದ ಕುಲುಮೆಯ ಹೊಗೆ ಮತ್ತು ಮುಂಬಯಿಯ ಕಾನೂನು

ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ಪಶ್ಚಿಮ ಉಪನಗರಗಳ ಸಾಲಿನಲ್ಲಿ ಉತ್ತರದ ಕೊನೆಯ ಊರು ದಹಿಸರ್. ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಪಶ್ಚಿಮಕ್ಕೆ ಮನೋರಿ ಖಾರಿಯ ಜೌಗು ನೆಲ, ನಡುವೆ ತುಳಸಿ ಕೆರೆಯ ಕಡೆಯಿಂದ ಇಳಿದು ಬರುವ ದಹಿಸರ್ ನದಿ, ಉತ್ತರಕ್ಕೆ ಹೆದ್ದಾರಿಯ ಚೆಕ್‌ನಾಕಾ. ನಾಕಾ ದಾಟಿದರೆ ಮೀರಾ-ಭಾಯಂದರ್, ಅದರಾಚೆ ವಸಯಿ ಮತ್ತು ಪಾಲ್ಘರ್. ದಹಿಸರ್ ಸೀಸದ ಕುಲುಮೆಗಳಿಂದ ಹೆಸರು ಪಡೆದ ಊರಲ್ಲ. ಆದರೂ ಮುಂಬಯಿಯಲ್ಲಿ ಲೋಹ ಕರಗಿಸುವ ಉದ್ಯಮದ ಹೊಗೆಯನ್ನು ಸರಕಾರ ಹೇಗೆ ನಿಯಂತ್ರಿಸುತ್ತ ಬಂತು ಎಂಬುದರ ಚರಿತ್ರೆಯನ್ನು ಈ ಊರಿನಿಂದ ನೋಡುವುದಕ್ಕೆ ಬಲವಾದ ಕಾರಣವಿದೆ, ಏಕೆಂದರೆ ನಗರದ ಕಾನೂನು ಎಲ್ಲಿ ಮುಗಿಯುತ್ತದೆ, ನಗರ ಬೇಡವೆಂದ ಉದ್ಯಮ ಎಲ್ಲಿಂದ ಆರಂಭವಾಗುತ್ತದೆ ಎಂಬ ಗೆರೆ 1957ರಿಂದ ಇಲ್ಲಿಯೇ ಹಾದುಹೋಗಿದೆ. ಒಂದು ಶತಮಾನಕ್ಕೂ ಮಿಕ್ಕ ಈ ಚರಿತ್ರೆಯಲ್ಲಿ ಕಾನೂನು ಮೊದಲು ಕಣ್ಣಿಗೆ ಕಾಣುವ ಹೊಗೆಯನ್ನು, ಆಮೇಲೆ ಕುಲುಮೆ ಇರುವ ಜಾಗವನ್ನು, ಆಮೇಲೆ ಚಿಮಣಿಯನ್ನು ಹಿಡಿಯಲು ಯತ್ನಿಸಿತು. ಸೀಸವಾದರೋ ಕಣ್ಣಿಗೆ ಕಾಣದೆ, ಗಡಿಯನ್ನು ಲೆಕ್ಕಿಸದೆ, ಬಹುಪಾಲು ಚಿಮಣಿಯೇ ಇಲ್ಲದ ಕಡೆಗಳಿಂದ ಗಾಳಿಗೆ ಸೇರುತ್ತಿತ್ತು.

ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಕರಗುವ ಮೆದು ಲೋಹ. ಕರಗಿಸಿ ಅಚ್ಚಿಗೆ ಹೊಯ್ಯುವಷ್ಟಕ್ಕೆ ಹೆಚ್ಚು ಆವಿ ಏಳುವುದಿಲ್ಲ. ಅಪಾಯ ಇರುವುದು ಅದಿರಿನಿಂದಾಗಲಿ ಹಳೆಯ ಬ್ಯಾಟರಿಯಿಂದಾಗಲಿ ಲೋಹವನ್ನು ಬೇರ್ಪಡಿಸುವ ಕೆಲಸದಲ್ಲಿ. ಅದಿರಿನಿಂದ ಸೀಸ ತೆಗೆಯುವುದನ್ನು ಪ್ರಾಥಮಿಕ ಕರಗಿಸುವಿಕೆ ಎನ್ನುತ್ತಾರೆ. ಭಾರತದಲ್ಲಿ ಅದು ಝಾರ್ಖಂಡದ ತುಂಡೂ, ಆಂಧ್ರದ ವಿಶಾಖಪಟ್ಟಣ, ರಾಜಸ್ಥಾನದ ಚಂದೇರಿಯಾಗಳಂಥ ಕೆಲವೇ ಕಡೆ ನಡೆದದ್ದು. ಬಳಸಿ ಬಿಟ್ಟ ವಸ್ತುಗಳಿಂದ ಸೀಸ ತೆಗೆಯುವುದು ದ್ವಿತೀಯಕ ಕರಗಿಸುವಿಕೆ. ಮುಂಬಯಿ ಪರಿಸರಕ್ಕೆ ಸಂಬಂಧಿಸಿದ್ದು ಇದೇ. ಸೀಸ-ಆಮ್ಲ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೀಸವೇ ಇರುವುದರಿಂದ ಅದನ್ನು ಯಾರೂ ಎಸೆಯುವುದಿಲ್ಲ. ಪೆಟ್ಟಿಗೆಯನ್ನು ಒಡೆದು, ಆಮ್ಲವನ್ನು ಚೆಲ್ಲಿ, ಒಳಗಿನ ಫಲಕಗಳನ್ನೂ ಅವಕ್ಕೆ ಮೆತ್ತಿದ ಸೀಸದ ಸಲ್ಫೇಟು ಮತ್ತು ಆಕ್ಸೈಡುಗಳ ಲೇಪವನ್ನೂ ಕಲ್ಲಿದ್ದಲು, ಕಬ್ಬಿಣದ ಚೂರು ಮತ್ತು ಸೋಡಾದೊಂದಿಗೆ ಕುಲುಮೆಗೆ ಹಾಕಿ, ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದಾಗ ಲೋಹ ತಳದಲ್ಲಿ ನಿಲ್ಲುತ್ತದೆ, ಕಿಟ್ಟ ಮೇಲೆ ತೇಲುತ್ತದೆ, ಗಂಧಕದ ಡೈಆಕ್ಸೈಡಿನ ಜೊತೆಗೆ ಸೀಸದ ಧೂಮ ಮೇಲೇಳುತ್ತದೆ. ಈ ಧೂಮವೆಂದರೆ ಆವಿಯಾದ ಸೀಸ ತಣಿದು ಉಂಟಾದ ಅತಿ ಸೂಕ್ಷ್ಮ ಕಣಗಳ ಸಮೂಹ. ಅವುಗಳಲ್ಲಿ ಬಹಳಷ್ಟು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕವಾಗಿದ್ದು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅವು ಕಪ್ಪಗಿರುವುದಿಲ್ಲ; ತೆಳ್ಳಗೆ, ಬಿಳಿಚಾಗಿ ಎದ್ದು ಬೇಗ ಕಾಣದಾಗುತ್ತವೆ. ಮುಂದಿನ ಕಥೆಯಲ್ಲಿ ಈ ಬಣ್ಣದ ಸಂಗತಿಗೆ ದೊಡ್ಡ ಪಾತ್ರವಿದೆ.

ಮುಂಬಯಿಯಲ್ಲಿ ಹೊಗೆಯನ್ನು ನಿಯಂತ್ರಿಸುವ ಅಧಿಕಾರ ಮೊದಲು ನಗರಪಾಲಿಕೆಯದಾಗಿತ್ತು. 1888ರ ಮುಂಬಯಿ ಪಾಲಿಕೆ ಕಾಯ್ದೆಯ 390ನೆಯ ಕಲಮು ಆಯುಕ್ತರ ಅನುಮತಿಯಿಲ್ಲದೆ ಹೊಸ ಕಾರ್ಖಾನೆ ತೆರೆಯಬಾರದೆಂದು ವಿಧಿಸಿದರೆ, 394ನೆಯ ಕಲಮು ಅಪಾಯಕಾರಿಯೂ ಅಸಹ್ಯಕರವೂ ಆದ ವ್ಯಾಪಾರಗಳಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಇವು ನೆರೆಹೊರೆಯ ಉಪದ್ರವವನ್ನು ತಡೆಯುವ ಸಾಧನಗಳೇ ಹೊರತು ಗಾಳಿಯಲ್ಲಿ ಏನು ಎಷ್ಟಿದೆ ಎಂದು ಅಳೆಯುವ ಸಾಧನಗಳಾಗಿರಲಿಲ್ಲ. ಗಿರಣಿಗಳ ನಗರವಾಗಿ ಬೆಳೆದ ಮುಂಬಯಿಯ ಆಕಾಶವನ್ನು ಕಲ್ಲಿದ್ದಲಿನ ಹೊಗೆ ಮುಚ್ಚತೊಡಗಿದಾಗ, ಬಂಗಾಳದಲ್ಲಿ 1905ರಲ್ಲಿ ಬಂದ ಕಾಯ್ದೆಯ ಹಾದಿಯಲ್ಲೇ 1912ರಲ್ಲಿ ಮುಂಬಯಿ ಹೊಗೆ ಉಪದ್ರವ ಕಾಯ್ದೆ ಜಾರಿಗೆ ಬಂತು. ಅದು ಹೊಗೆಯ ಸಾಂದ್ರತೆಯನ್ನು ಅಪರಾಧದ ಅಳತೆಗೋಲಾಗಿ ಇಟ್ಟುಕೊಂಡಿತು. ಆ ಕಾಲದ ಇನ್‌ಸ್ಪೆಕ್ಟರರು ಜಗತ್ತಿನ ಹಲವೆಡೆ ಬಳಸುತ್ತಿದ್ದ ಸಾಧನ ರಿಂಗೆಲ್‌ಮನ್ ಪಟ್ಟಿ: ಬಿಳಿಯಿಂದ ಕಪ್ಪಿನವರೆಗೆ ಹಂತಹಂತವಾಗಿ ಛಾಯೆ ತೋರಿಸುವ ಕಾಗದವನ್ನು ದೂರದಲ್ಲಿ ಹಿಡಿದು, ಚಿಮಣಿಯ ಹೊಗೆ ಯಾವ ಛಾಯೆಗೆ ಹೊಂದುತ್ತದೆ ಎಂದು ಕಣ್ಣಿನಿಂದ ನಿರ್ಣಯಿಸುವ ವಿಧಾನ. ಬಾಯ್ಲರಿನಲ್ಲಿ ಅರೆ ಉರಿದ ಕಲ್ಲಿದ್ದಲಿನ ವಿಷಯದಲ್ಲಿ ಇದು ಉಪಯುಕ್ತವಾಗಿತ್ತು, ಮಾಲೀಕರು ಉರಿಯನ್ನು ಸರಿಪಡಿಸಿದರೆ ಹೊಗೆ ತಿಳಿಯಾಗುತ್ತಿತ್ತು. ಬಿಳಿಚಾದ ಸೀಸದ ಧೂಮ ಮಾತ್ರ ಇಂಥ ಪಟ್ಟಿಯ ಮುಂದೆ ನಿರಪರಾಧಿಯಾಗಿ ನಿಲ್ಲುತ್ತದೆ. ಇಂಗ್ಲೆಂಡು 1863ರಿಂದಲೇ ಕ್ಷಾರ ಕಾರ್ಖಾನೆಗಳ ಕಾಯ್ದೆಯ ಮೂಲಕ ರಾಸಾಯನಿಕ ಅನಿಲಗಳನ್ನು ಹೆಸರಿಸಿ ಅಳೆಯಲು ಆರಂಭಿಸಿ, 1906ರ ಕಾಯ್ದೆಯ ಪಟ್ಟಿಯಲ್ಲಿ ಸೀಸದ ಸಲ್ಫೇಟನ್ನು ಒಣಗಿಸುವ, ಕರಗಿಸುವ ಕಾರ್ಖಾನೆಗಳನ್ನೂ ಸೇರಿಸಿತ್ತು. ತನ್ನ ಮನೆಯಲ್ಲಿ ಆಗಲೇ ಇದ್ದ ಈ ಕ್ರಮವನ್ನು ವಸಾಹತು ಸರಕಾರ ಮುಂಬಯಿಗೆ ತರದೆ ಕಪ್ಪು ಹೊಗೆಯ ನಿಯಂತ್ರಣಕ್ಕೇ ತೃಪ್ತಿಪಟ್ಟದ್ದು ಅಜ್ಞಾನದಿಂದಲ್ಲ ಎಂದೇ ಹೇಳಬೇಕಾಗುತ್ತದೆ.

ಸೀಸ ವಿಷವೆಂಬ ತಿಳಿವಳಿಕೆ ಕಾನೂನಿನೊಳಗೆ ಬಂದದ್ದು ಗಾಳಿಯ ಬಾಗಿಲಿನಿಂದಲ್ಲ, ಕಾರ್ಮಿಕನ ದೇಹದ ಮೂಲಕ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಸೀಸದ ಅದಿರಿನ ಕುಲುಮೆ, ಸೀಸವಿರುವ ಬೂದಿಯ ಸಂಸ್ಕರಣೆ, ಸೀಸವನ್ನೋ ಹಳೆಯ ಸತುವನ್ನೋ ದೊಡ್ಡ ಪ್ರಮಾಣದಲ್ಲಿ ಕರಗಿಸುವುದು, ಬ್ಯಾಟರಿ ಫಲಕಗಳಿಗೆ ಲೇಪ ಹಚ್ಚುವುದು ಮೊದಲಾದ ಕೆಲಸಗಳಿಂದ ಸ್ತ್ರೀಯರನ್ನೂ 18 ವರ್ಷದೊಳಗಿನವರನ್ನೂ ದೂರವಿಡಬೇಕೆಂದು ಶಿಫಾರಸು ಮಾಡಿತು. ಭಾರತದ ಕಾರ್ಖಾನೆ ಕಾಯ್ದೆಗೆ 1922ರಲ್ಲಿ ಆದ ತಿದ್ದುಪಡಿ ಇದನ್ನು ಅನುಸರಿಸಿತು. ಮರುವರ್ಷದ ಕಾರ್ಮಿಕ ಪರಿಹಾರ ಕಾಯ್ದೆ ಸೀಸದ ವಿಷಬಾಧೆಯನ್ನು ಔದ್ಯೋಗಿಕ ರೋಗವೆಂದು, ಅಂದರೆ ಕೆಲಸದಿಂದಲೇ ಬಂತೆಂದು ಭಾವಿಸಬಹುದಾದ ರೋಗವೆಂದು, ಅನುಸೂಚಿಯಲ್ಲಿ ಸೇರಿಸಿತು. 1948ರ ಕಾರ್ಖಾನೆ ಕಾಯ್ದೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೀಸಕ್ಕೆ ಮೊದಲ ಸ್ಥಾನವನ್ನೇ ಕೊಟ್ಟಿತು. ಭೋಪಾಲ ದುರಂತದ ನಂತರ, 1987ರಲ್ಲಿ, ಅದೇ ಕಾಯ್ದೆಗೆ ಸೇರಿದ ಅನುಸೂಚಿ ಕೆಲಸದ ಜಾಗದ ಗಾಳಿಯಲ್ಲಿ ಎಂಟು ಗಂಟೆಯ ಸರಾಸರಿಯಾಗಿ ಘನ ಮೀಟರಿಗೆ 0.15 ಮಿಲಿಗ್ರಾಂ ಸೀಸವನ್ನು ಮಿತಿಯಾಗಿ ಗೊತ್ತುಪಡಿಸಿತು. ಅಮೆರಿಕ 1978ರಲ್ಲೇ ಗೊತ್ತುಪಡಿಸಿದ 0.05 ಮಿಲಿಗ್ರಾಮಿನ ಮೂರು ಪಟ್ಟು ಇದು. ಇದಕ್ಕಿಂತ ದೊಡ್ಡ ಕೊರತೆ ಮತ್ತೊಂದು. ಕಾರ್ಖಾನೆ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಿದ್ದುದು ವಿದ್ಯುತ್ ಬಳಸುವ ಕಡೆ ಹತ್ತು, ಬಳಸದ ಕಡೆ ಇಪ್ಪತ್ತು ಕಾರ್ಮಿಕರು ಇರುವ ಸ್ಥಳಗಳಿಗೆ. ನಾಲ್ಕೈದು ಮಂದಿ ಸೇರಿ ತಗಡಿನ ಶೆಡ್ಡಿನಲ್ಲಿ ಬ್ಯಾಟರಿ ಒಡೆದು ಕರಗಿಸುವ ಜಾಗ ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ.

1957ರ ಫೆಬ್ರವರಿಯಲ್ಲಿ ಬೃಹನ್ಮುಂಬಯಿಯ ಗಡಿ ಪಶ್ಚಿಮ ರೈಲುಮಾರ್ಗದ ಮೇಲೆ ದಹಿಸರ್‌ವರೆಗೆ, ಮಧ್ಯ ರೈಲುಮಾರ್ಗದ ಮೇಲೆ ಮುಲುಂಡ್‌ವರೆಗೆ ವಿಸ್ತರಿಸಿತು. ಅಲ್ಲಿಯವರೆಗೆ ನಗರದ ಹೊರಗಿದ್ದ ಗದ್ದೆ, ಉಪ್ಪಿನಾಗರ, ಮೀನುಗಾರರ ಕೇರಿಗಳ ದಹಿಸರ್ 1888ರ ಕಾಯ್ದೆಯ ಕಲಮುಗಳ ಕೆಳಗೆ ಬಂತು. ಅದೇ ಹೊತ್ತಿಗೆ ನಗರದೊಳಗೆ ಕಾರ್ಖಾನೆಗಳು ಹೆಚ್ಚಾದವೆಂಬ ಕಳವಳವೂ ಬಲಿಯಿತು. ಮಹಾರಾಷ್ಟ್ರ ಸರಕಾರ 1964ರಲ್ಲಿ ಮುಂಬಯಿ-ಥಾಣೆ-ಪುಣೆ ಪಟ್ಟಿಯ ಹೊರಗೆ ಉದ್ಯಮ ಹೂಡುವವರಿಗೆ ಪ್ರೋತ್ಸಾಹ ಧನದ ಯೋಜನೆಯನ್ನು ತಂದಿತು. 1970ರ ದಶಕದ ಕೈಗಾರಿಕಾ ಸ್ಥಳ ನೀತಿ ಬೃಹನ್ಮುಂಬಯಿಯಲ್ಲಿ ಹೊಸ ದೊಡ್ಡ ಕಾರ್ಖಾನೆಗಳನ್ನು ನಿರ್ಬಂಧಿಸಿತು. ದಟ್ಟ ಜನವಸತಿಯಿಂದ ಕುಲುಮೆಯನ್ನು ದೂರವಿಡುವುದು ಸರಿಯಾದ ಉದ್ದೇಶವೇ. ಫಲ ಮಾತ್ರ ಮಿಶ್ರವಾಗಿತ್ತು: ಭಾಯಂದರ್‌ನಲ್ಲಿ ಸ್ಟೀಲ್ ಪಾತ್ರೆಗಳ ಸಣ್ಣ ಕೈಗಾರಿಕೆ, ವಸಯಿ, ಪಾಲ್ಘರ್, ವಾಡಾ ಕಡೆಗಳಲ್ಲಿ ಲೋಹೋದ್ಯಮ ಬೆಳೆದವು, ಗುಜರಿಯ ಲಾರಿಗಳು ದಹಿಸರ್ ನಾಕಾದ ಮೂಲಕ ಉತ್ತರಕ್ಕೆ ಹೋದವು. ಜಿಎಸ್‌ಟಿ ಬಂದ 2017ರವರೆಗೆ ಈ ನಾಕಾದಲ್ಲಿ ಪಾಲಿಕೆ ಜಕಾತಿ ವಸೂಲು ಮಾಡುತ್ತಿತ್ತು. ಜಕಾತಿಯೆಂದರೆ ನಗರಕ್ಕೆ ಬರುವ ಸರಕಿನ ಮೇಲಿನ ತೆರಿಗೆ, ಆದ್ದರಿಂದ ಒಳಬರುವ ಹೊಸ ಬ್ಯಾಟರಿಗೆ ಅಲ್ಲಿ ಚೀಟಿ ಇರುತ್ತಿತ್ತು; ನಗರದಿಂದ ಹೊರಹೋಗುವ ಹಳೆಯ ಬ್ಯಾಟರಿ ಯಾವ ಕುಲುಮೆಗೆ ಹೋಯಿತು ಎಂದು ಕೇಳುವುದು ಆ ವ್ಯವಸ್ಥೆಯ ಕೆಲಸವಾಗಿರಲಿಲ್ಲ.

ನಿಜವಾದ ಅರ್ಥದಲ್ಲಿ ವಾಯುಮಾಲಿನ್ಯದ ಕಾನೂನು ಆರಂಭವಾದದ್ದು 1981ರಲ್ಲಿ. ಮಹಾರಾಷ್ಟ್ರ ಅದಕ್ಕೂ ಮೊದಲೇ, 1970ರಲ್ಲಿ, ನೀರಿನ ಮಾಲಿನ್ಯಕ್ಕಾಗಿ ತನ್ನದೇ ಮಂಡಳಿಯನ್ನು ಕಟ್ಟಿಕೊಂಡಿತ್ತು. 1981ರ ವಾಯು ಕಾಯ್ದೆಯ ಹೊಣೆಯೂ ಅದೇ ಮಂಡಳಿಗೆ ಬಂತು. ಈ ಕಾಯ್ದೆಯ ಜೀವಾಳ 21ನೆಯ ಕಲಮು: ರಾಜ್ಯ ಸರಕಾರ ವಾಯುಮಾಲಿನ್ಯ ನಿಯಂತ್ರಣ ಪ್ರದೇಶವೆಂದು ಸಾರಿದ ಕಡೆ ಮಂಡಳಿಯ ಸಮ್ಮತಿ ಪತ್ರವಿಲ್ಲದೆ ಯಾವ ಉದ್ಯಮವೂ ನಡೆಯುವಂತಿಲ್ಲ. ಸಮ್ಮತಿ ಪತ್ರವೆಂದರೆ ಬರಿಯ ಪರವಾನಗಿಯಲ್ಲ. ಯಾವ ಇಂಧನ, ಎಷ್ಟು ಎತ್ತರದ ಚಿಮಣಿ, ಯಾವ ಶುದ್ಧೀಕರಣ ಸಾಧನ, ಹೊರಬಿಡುವ ಅನಿಲದಲ್ಲಿ ಎಷ್ಟು ಮಲಿನ ಎಂಬ ಷರತ್ತುಗಳ ಪಟ್ಟಿ ಅದು. 1987ರ ತಿದ್ದುಪಡಿ ಉದ್ಯಮವನ್ನು ಮುಚ್ಚಿಸುವ, ನೀರು ಮತ್ತು ವಿದ್ಯುತ್ತನ್ನು ಕಡಿತಗೊಳಿಸುವ ಅಧಿಕಾರವನ್ನು ಮಂಡಳಿಗೆ ನೀಡಿತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ನಿಯಮಗಳು ಉದ್ಯಮವಾರು ಮಿತಿಗಳನ್ನು ಅನುಸೂಚಿಯಾಗಿ ಸೇರಿಸುತ್ತ ಬಂದವು: ದ್ವಿತೀಯಕ ಸೀಸದ ಕುಲುಮೆಗೆ ಕನಿಷ್ಠ 30 ಮೀಟರ್ ಎತ್ತರದ ಚಿಮಣಿ, ಹೊರಬರುವ ಅನಿಲದ ಪ್ರತಿ ಘನ ಮೀಟರಿನಲ್ಲಿ ಕಣಗಳು 50 ಮಿಲಿಗ್ರಾಮಿನೊಳಗೆ, ಸೀಸ 10 ಮಿಲಿಗ್ರಾಮಿನೊಳಗೆ. ಇದನ್ನು ಸಾಧಿಸಲು ಕುಲುಮೆಯ ಹೊಗೆಯನ್ನು ತಣಿಸಿ, ಮೊದಲು ಸುಳಿಗಾಳಿಯಂತೆ ತಿರುಗಿಸಿ ದಪ್ಪ ಕಣಗಳನ್ನು ಕೆಳಗೆ ಬೀಳಿಸುವ ಸೈಕ್ಲೋನ್ ಯಂತ್ರಕ್ಕೆ, ಬಳಿಕ ಬಟ್ಟೆಯ ಉದ್ದನೆಯ ಚೀಲಗಳ ಮೂಲಕ ಹಾಯಿಸುವ ಬ್ಯಾಗ್ ಫಿಲ್ಟರಿಗೆ, ಕೊನೆಗೆ ನೀರಿನಿಂದ ತೊಳೆಯುವ ಸ್ಕ್ರಬರಿಗೆ ಬಿಡಬೇಕು. ಚೀಲ ಹರಿದರೆ, ಫ್ಯಾನ್ ನಿಂತರೆ, ವಿದ್ಯುತ್ ಉಳಿಸಲೆಂದು ರಾತ್ರಿ ಅದನ್ನು ಬಂದ್ ಮಾಡಿದರೆ, ಕಾಗದದ ಮೇಲಿನ ಮಿತಿಗೆ ಅರ್ಥವಿಲ್ಲ. ತೆರೆದ ಬಾಯಿಯ ಸಾಂಪ್ರದಾಯಿಕ ‘ಮಂದಿರ ಭಟ್ಟಿ’ಗಳಲ್ಲಂತೂ ಹೊಗೆಯ ಬಹುಭಾಗ ಚಿಮಣಿಯನ್ನೇ ಸೇರದೆ ಶೆಡ್ಡಿನ ಬಾಗಿಲು ಕಿಟಕಿಗಳಿಂದ ಹರಡುತ್ತದೆ; ಇಂಥ ಸೋರಿಕೆಯನ್ನು ಚಿಮಣಿಯ ಬಾಯಿಯಲ್ಲಿ ಅಳೆಯಲು ಬರುವುದಿಲ್ಲ.

ಅದೇ ಕಾಲದಲ್ಲಿ ಮುಂಬಯಿಯ ಗಾಳಿಗೆ ಸೀಸ ಬರುತ್ತಿದ್ದ ಇನ್ನೊಂದು ದಾರಿ ಪೆಟ್ರೋಲು. ಇಂಜಿನ್ನಿನ ಬಡಿತ ತಡೆಯಲು ಸೇರಿಸುತ್ತಿದ್ದ ಸೀಸದ ಸಂಯುಕ್ತ ಸುಟ್ಟು ರಸ್ತೆಯುದ್ದಕ್ಕೂ ಉದುರುತ್ತಿತ್ತು. 1994ರಲ್ಲಿ ಮುಂಬಯಿಯೂ ಸೇರಿ ನಾಲ್ಕು ಮಹಾನಗರಗಳಲ್ಲಿ ಪೆಟ್ರೋಲಿನ ಸೀಸವನ್ನು ಲೀಟರಿಗೆ 0.15 ಗ್ರಾಮಿಗೆ ಇಳಿಸಲಾಯಿತು, 1995ರ ಏಪ್ರಿಲ್‌ನಿಂದ ಅಲ್ಲಿ ಸೀಸರಹಿತ ಪೆಟ್ರೋಲು ದೊರೆಯತೊಡಗಿತು, 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ಸೀಸವಿರುವ ಪೆಟ್ರೋಲಿನ ಮಾರಾಟ ನಿಂತಿತು. ಈ ಬದಲಾವಣೆಯ ಹಿಂದಿನ ಒತ್ತಡದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಅಲ್ಲಿನ ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಮುಂಬಯಿ, ಬೆಂಗಳೂರು ಸೇರಿದಂತೆ ಏಳು ನಗರಗಳಲ್ಲಿ ಸುಮಾರು 22,000 ಜನರ ರಕ್ತವನ್ನು ಪರೀಕ್ಷಿಸಿತು. ಪರೀಕ್ಷೆಗೊಳಗಾದ ನಗರದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೊಗ್ರಾಂ ಅಥವಾ ಅದಕ್ಕೂ ಮಿಕ್ಕ ಸೀಸ ಕಂಡುಬಂತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಈ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು, ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ತುಪ್ಪಿಲ್ ವೆಂಕಟೇಶ್ ಅವರ ಶ್ರಮದಿಂದ ಸೀಸದ ವಿಷಬಾಧೆಗಾಗಿಯೇ ರಾಷ್ಟ್ರೀಯ ಕೇಂದ್ರ ನೆಲೆಗೊಂಡಿತು. ಮುಂಬಯಿಯ ಗಾಳಿಯ ಸೀಸವನ್ನೂ ಇಲ್ಲಿನ ಮಕ್ಕಳ ರಕ್ತದ ಸೀಸವನ್ನೂ ಜೊತೆಯಾಗಿ ಅಳೆದ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅದು ವಾಹನಗಳನ್ನು ಮಾತ್ರವಲ್ಲದೆ ಸೀಸದ ಇತರ ಮೂಲಗಳನ್ನೂ ಗಣನೆಗೆ ತೆಗೆದುಕೊಂಡಿತ್ತು. ಮಗುವಿನ ದೇಹ ಹೊಟ್ಟೆಗೆ ಹೋದ ಸೀಸವನ್ನು ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಮಿದುಳಿಗೆ ಆದ ಹಾನಿ ಮರಳಿ ಸರಿಹೋಗುವುದಿಲ್ಲ ಎಂಬುದನ್ನು ನೆನೆದರೆ ಈ ಅಂಕಿಗಳ ತೂಕ ತಿಳಿಯುತ್ತದೆ. ಪೆಟ್ರೋಲಿನ ವಿಷಯದಲ್ಲಿ ಸರಕಾರ ಗೆದ್ದದ್ದಕ್ಕೆ ಕಾರಣ ಸರಳ: ಬೆರಳೆಣಿಕೆಯ ಶುದ್ಧೀಕರಣಾಗಾರಗಳಲ್ಲಿ ನಲ್ಲಿ ತಿರುಗಿಸಿದರೆ ಸಾಕಿತ್ತು. ಕುಲುಮೆಗಳಿಗೆ ಅಂಥ ಒಂದೇ ನಲ್ಲಿ ಇರಲಿಲ್ಲ.

ಅದಕ್ಕೇ ಕಾನೂನು ಕೊನೆಗೆ ಬ್ಯಾಟರಿಯನ್ನೇ ಹಿಂಬಾಲಿಸಲು ತೊಡಗಿತು. 1989ರ ಅಪಾಯಕಾರಿ ತ್ಯಾಜ್ಯ ನಿಯಮಗಳು, ಅಪಾಯಕಾರಿ ತ್ಯಾಜ್ಯದ ಗಡಿಯಾಚೆಯ ಸಾಗಣೆ ಕುರಿತು 1992ರಲ್ಲಿ ಭಾರತ ಅಂಗೀಕರಿಸಿದ ಬಾಸೆಲ್ ಒಪ್ಪಂದ, ಹೊರದೇಶಗಳ ಸೀಸದ ತ್ಯಾಜ್ಯ ಭಾರತಕ್ಕೆ ಬರುತ್ತಿದ್ದುದರ ವಿರುದ್ಧ ಸುಪ್ರೀಂ ಕೋರ್ಟ್ 1997ರಿಂದ 2003ರವರೆಗೆ ನೀಡಿದ ಆದೇಶಗಳು ನೆಲವನ್ನು ಹದಗೊಳಿಸಿದವು. 2001ರ ಮೇ 16ರಂದು ಹೊರಬಂದ ಬ್ಯಾಟರಿ ನಿಯಮಗಳು ಹೊಸ ಬ್ಯಾಟರಿ ಮಾರಿದವರು ಹಳೆಯದನ್ನು ಹಿಂಪಡೆಯಬೇಕು, ಮೊದಲ ವರ್ಷ ಮಾರಿದ್ದರ 50%, ಎರಡನೆಯ ವರ್ಷ 75%, ಆಮೇಲೆ 90% ಹಿಂತಿರುಗಬೇಕು, ಅದು ನೋಂದಾಯಿತ ಕುಲುಮೆಗೇ ಹೋಗಬೇಕು ಎಂದು ವಿಧಿಸಿದವು. ಈ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ಕ್ರಮ ಮತ್ತೊಂದಿಲ್ಲ, ಏಕೆಂದರೆ ಕುಲುಮೆಗೆ ಸರಕು ತಲುಪುವ ದಾರಿಯನ್ನು ಹಿಡಿದರೆ ಅಕ್ರಮ ಕುಲುಮೆ ತಾನಾಗಿ ಆರುತ್ತದೆ. ಸೋತದ್ದು ದರದಲ್ಲಿ. ಬ್ಯಾಗ್ ಫಿಲ್ಟರು, ಸ್ಕ್ರಬರು, ತೆರಿಗೆ, ಕಾರ್ಮಿಕರ ರಕ್ತಪರೀಕ್ಷೆಗಳ ಖರ್ಚು ಹೊರುವ ನೋಂದಾಯಿತ ಘಟಕಕ್ಕಿಂತ ಇವಾವುದನ್ನೂ ಮಾಡದ ಹಿತ್ತಿಲ ಕುಲುಮೆ ಭಂಗಾರ್‌ವಾಲಾನಿಗೆ, ಅಂದರೆ ಗುಜರಿ ವ್ಯಾಪಾರಿಗೆ, ಹೆಚ್ಚಿನ ಬೆಲೆ ಕೊಡಬಲ್ಲದು. ದಹಿಸರ್‌ನ ಗ್ಯಾರೇಜಿನಲ್ಲಿ ಇಳಿಸಿಟ್ಟ ಹಳೆಯ ಬ್ಯಾಟರಿ ಯಾರ ಕೈಗೆ ಹೋಗಬೇಕೆಂದು ನಿರ್ಧರಿಸುವುದು ಆ ವ್ಯತ್ಯಾಸದ ರೂಪಾಯಿಗಳು. 2022ರ ಆಗಸ್ಟಿನ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೊಣೆಯನ್ನು ತಯಾರಕರ ಮೇಲೆ ಹೊರಿಸಿ, ಮರುಬಳಕೆಯ ಪ್ರಮಾಣಪತ್ರಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ದಾಖಲಿಸುವ ಕ್ರಮ ತಂದಿವೆ. ಗುಜರಿ ಅಂಗಡಿಯ ನಗದು ವ್ಯವಹಾರವನ್ನು ಅದು ಒಳಗೆ ಸೇರಿಸಿಕೊಳ್ಳಬಲ್ಲದೇ ಎಂಬುದರ ಮೇಲೆ ಅದರ ಯಶಸ್ಸು ನಿಂತಿದೆ.

ಊರಿನ ಗಾಳಿಯ ಅಳತೆಯ ವಿಷಯದಲ್ಲೂ ಇಂಥದೇ ಒಂದು ಬಿರುಕಿದೆ. 1994ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡಗಳು ಕೈಗಾರಿಕಾ ಪ್ರದೇಶಕ್ಕೆ ಸಡಿಲ ಮಿತಿಯನ್ನೂ, ವಸತಿ ಪ್ರದೇಶಕ್ಕೆ ಬಿಗಿ ಮಿತಿಯನ್ನೂ ಇಟ್ಟಿದ್ದವು. ಕಾರ್ಖಾನೆಯ ಪಕ್ಕದ ಚಾಳಿನ ಮಗುವಿನ ಶ್ವಾಸಕೋಶ ಬೇರೆ ಬಗೆಯದೆಂಬಂತಿದ್ದ ಈ ಭೇದವನ್ನು 2009ರ ನವೆಂಬರ್ 18ರ ಅಧಿಸೂಚನೆ ಅಳಿಸಿ, ಎಲ್ಲ ಕಡೆಗೂ ಸೀಸದ ಮಿತಿಯನ್ನು ಘನ ಮೀಟರಿಗೆ ವಾರ್ಷಿಕ ಸರಾಸರಿ 0.50, ದಿನದ ಸರಾಸರಿ 1.0 ಮೈಕ್ರೊಗ್ರಾಂ ಎಂದು ಗೊತ್ತುಪಡಿಸಿತು. ದೇಶದ ವಾಯು ಗುಣಮಟ್ಟ ಸೂಚ್ಯಂಕ ಪರಿಗಣಿಸುವ ಎಂಟು ಮಲಿನಗಳಲ್ಲಿ ಸೀಸವೂ ಒಂದು. ಆದರೆ ಸೀಸವನ್ನು ಅಳೆಯಬೇಕಾದರೆ ಶೋಧಕ ಕಾಗದದ ಮೇಲೆ ಧೂಳನ್ನು ಹಿಡಿದು ಪ್ರಯೋಗಾಲಯಕ್ಕೆ ಒಯ್ಯಬೇಕಾಗುವುದರಿಂದ, ಕ್ಷಣಕ್ಷಣಕ್ಕೂ ಅಂಕಿ ತೋರಿಸುವ ಸ್ವಯಂಚಾಲಿತ ಕೇಂದ್ರಗಳ ಫಲಕದಲ್ಲಿ ಅದಕ್ಕೆ ಜಾಗವಿಲ್ಲ. ದಹಿಸರ್‌ನ ನಿವಾಸಿ ಪಕ್ಕದ ಬೋರಿವಲಿಯ ಕೇಂದ್ರದ ಅಂಕಿ ನೋಡಿ ಗಾಳಿ ಸಾಧಾರಣವಾಗಿದೆ ಎಂದು ತಿಳಿಯಬಹುದು. ಸೀಸದ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ದಹಿಸರ್‌ನ ಪೂರ್ವದ ಅಂಚಿಗೆ ಈಗ ಮತ್ತೊಂದು ರಕ್ಷಣೆ ದೊರೆತಿದೆ: 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಸಾರಲಾಗಿದ್ದು, ಮಾಲಿನ್ಯಕಾರಕ ಹೊಸ ಉದ್ಯಮಕ್ಕೆ ಅಲ್ಲಿ ಅವಕಾಶವಿಲ್ಲ. ನಾಕಾ ದಾಟಿದೊಡನೆ ಪಾಲಿಕೆ ಬದಲಾಗುತ್ತದೆ, ಮಾಲಿನ್ಯ ಮಂಡಳಿಯ ಪ್ರಾದೇಶಿಕ ಕಚೇರಿಯೂ ಬದಲಾಗಿ ಥಾಣೆಯದಾಗುತ್ತದೆ. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿ ಹೈಕೋರ್ಟ್ ತಾನಾಗಿಯೇ ನಗರದ ಗಾಳಿಯ ಪ್ರಕರಣವನ್ನು ಕೈಗೆತ್ತಿಕೊಂಡಾಗ ಗಮನವೆಲ್ಲ ಕಟ್ಟಡಗಳ ಧೂಳು, ಬೇಕರಿಯ ಒಲೆಗಳ ಕಡೆಗೆ ಹರಿದದ್ದು ಸಹಜ. ಅವು ಕಣ್ಣಿಗೆ ಕಾಣುವಂಥವು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಜನವಿಶ್ವಾಸ ಕಾಯ್ದೆ ವಾಯು ಕಾಯ್ದೆಯ ಹೆಚ್ಚಿನ ಉಲ್ಲಂಘನೆಗಳಿಗೆ ಇದ್ದ ಜೈಲುಶಿಕ್ಷೆಯನ್ನು ತೆಗೆದು, 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನು ಇಟ್ಟಿತು. 2024ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕೊಳೆಯುವ ಮೊಕದ್ದಮೆಗಿಂತ ತಕ್ಷಣದ ದಂಡ ಮೇಲೆಂಬ ವಾದದಲ್ಲಿ ಹುರುಳಿದೆ, ಆದರೆ ದಂಡವನ್ನು ವ್ಯಾಪಾರದ ಖರ್ಚೆಂದು ಬರೆದುಕೊಳ್ಳಬಲ್ಲ ಉದ್ಯಮದಲ್ಲಿ ಅದರ ಭಯ ಎಷ್ಟು ದಿನ ಉಳಿದೀತು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ.

ಕುಲುಮೆಯ ಚಿಮಣಿಯಿಂದ ಬರುವ ಕಣಗಳಿಗೆ ಭಾರತದಲ್ಲಿ ಇರುವ 50 ಮಿಲಿಗ್ರಾಮಿನ ಮಿತಿ ಅಮೆರಿಕ ತನ್ನ ದ್ವಿತೀಯಕ ಸೀಸದ ಕುಲುಮೆಗಳಿಗೆ 1974ರಲ್ಲಿ ಇಟ್ಟ ಮಿತಿಯ ಮಟ್ಟದ್ದು. ಆ ದೇಶ ಅಲ್ಲಿಗೇ ನಿಲ್ಲಲಿಲ್ಲ: ಊರಿನ ಗಾಳಿಯ ಸೀಸದ ಮಿತಿಯನ್ನು 2008ರಲ್ಲಿ ಘನ ಮೀಟರಿಗೆ 1.5ರಿಂದ 0.15 ಮೈಕ್ರೊಗ್ರಾಮಿಗೆ ಇಳಿಸಿತು. 2012ರಲ್ಲಿ ಯಾವ ಚಿಮಣಿಯೂ ಘನ ಮೀಟರಿಗೆ 1 ಮಿಲಿಗ್ರಾಂ ಸೀಸವನ್ನು ಮೀರಬಾರದು, ಇಡೀ ಕಾರ್ಖಾನೆಯ ಸರಾಸರಿ 0.2 ಮಿಲಿಗ್ರಾಮಿನೊಳಗೆ ಇರಬೇಕು, ಕುಲುಮೆಯ ಕಟ್ಟಡವನ್ನೇ ಮುಚ್ಚಿ ಒಳಗಿನ ಗಾಳಿಯನ್ನೂ ಶೋಧಿಸಬೇಕು ಎಂದು ವಿಧಿಸಿತು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಪ್ರಕಟಿಸಿದ ವರದಿ ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೊಗ್ರಾಮಿಗಿಂತ ಹೆಚ್ಚು ಸೀಸವಿದೆಯೆಂದು ಅಂದಾಜು ಮಾಡಿದೆ. ನಮ್ಮ ಅನುಸೂಚಿಯ 10 ಮಿಲಿಗ್ರಾಮಿನ ಅಂಕಿಯನ್ನು ತಿದ್ದುವುದು, ಚಿಮಣಿಯ ಜೊತೆಗೆ ಶೆಡ್ಡಿನ ಸೋರಿಕೆಯನ್ನೂ ನಿಯಮದೊಳಗೆ ತರುವುದು, ಕುಲುಮೆ ಇರುವ ಪ್ರತಿ ತಾಲೂಕಿನಲ್ಲಿ ಮಕ್ಕಳ ರಕ್ತವನ್ನು ಸರಕಾರದ ಖರ್ಚಿನಲ್ಲಿ ಪರೀಕ್ಷಿಸುವುದು, ಈ ಮೂರಕ್ಕೂ ಹೊಸ ಕಾಯ್ದೆಯ ಅಗತ್ಯವಿಲ್ಲ. 1981 ಮತ್ತು 1986ರ ಕಾಯ್ದೆಗಳು ಕೊಟ್ಟಿರುವ ಅಧಿಕಾರವನ್ನು ಬಳಸಿ, ಸಂಬಂಧಪಟ್ಟ ಸಚಿವಾಲಯವೂ ಮಂಡಳಿಗಳೂ ಆರೋಗ್ಯ ಇಲಾಖೆಯೂ ಇವನ್ನು ತಡಮಾಡದೆ ಮಾಡಬೇಕು.